ಎರಡು ಕಾಸು, ಒಂದು ಭರಣಿ



ಆರಾಧನೆ ಮತ್ತು ತ್ಯಾಗದ ಕೊಡುಗೆಯ ಬಗ್ಗೆ ಮಾತನಾಡಬೇಕೆಂದು ಕರೆ ಬಂದಾಗ ನನಗೆ ಮೊದಲು ಹೊಳೆದದ್ದು ಈ ದತ್ತಿ ಕಾರ್ಯಕ್ರಮದ ಹೆಸರೇ. ದತ್ತಿ ಎಂದರೆ ಕೊಟ್ಟದ್ದು. ನಮ್ಮ ಹಳೆಯ ಶಾಸನಗಳಲ್ಲಿ ಎಷ್ಟೋ ಇಂಥ ದತ್ತಿಗಳ ದಾಖಲೆಗಳು: ಇಷ್ಟು ಮತ್ತರು ಗದ್ದೆ, ನಂದಾದೀವಿಗೆಗೆ ಇಷ್ಟು ಎಣ್ಣೆ. ಕೊನೆಗೊಂದು ಶಾಪ. ಕೊಟ್ಟದ್ದನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಬಿದ್ದಿರುತ್ತಾನೆ ಅಂತ. ಕೊಟ್ಟವನನ್ನು ಹೊಗಳಿ ಸುಮ್ಮನಾಗದೆ, ಮುಂದೆ ಅದನ್ನು ಮುಟ್ಟುವವನ ಕೈಮೇಲೂ ನಮ್ಮ ಹಿರಿಯರು ಕಣ್ಣಿಟ್ಟಿದ್ದರು. ಈ ಶಾಪವನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಡಿ.

ಕ್ರೈಸ್ತ ಸಭೆಗಳಲ್ಲಿ ನಾವು ಬಳಸುವ ಮಾತು ಕಾಣಿಕೆ. ‘ಕಾಣು’ ಎಂಬುದರಿಂದ ಹುಟ್ಟಿದ ಮಾತು. ಹಿರಿಯರನ್ನೋ ಅರಸನನ್ನೋ ದೇವರನ್ನೋ ಕಾಣಲು ಹೊರಟಾಗ ಬರಿಗೈ ಬೇಡವೆಂದು ಒಯ್ಯುವಂಥದ್ದು. ಹಾಗಾಗಿ ಕಾಣಿಕೆಯನ್ನೂ ಆರಾಧನೆಯನ್ನೂ ಬೇರೆ ಮಾಡಲು ಕನ್ನಡದಲ್ಲಿ ಕಷ್ಟ. ಆದರೂ ಕಾಣಿಕೆ ಚೀಲ ಹತ್ತಿರ ಬರುವಾಗ ಕೀರ್ತನೆ ಹಾಡುತ್ತಲೇ ಜೇಬಿನೊಳಗೆ ಬೆರಳಲ್ಲೇ ಐದರ ನಾಣ್ಯವೋ ಹತ್ತರದೋ ಎಂದು ತಡಕಿ ನೋಡುವ ವಿದ್ಯೆ ನಮಗೆಲ್ಲ ಗೊತ್ತು. ನನಗೂ ಗೊತ್ತು.

ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಕಾಣುವ ಕೆಲಸ ಎದುರು ಕಡೆಯಿಂದ ನಡೆಯುತ್ತದೆ. ಯೇಸು ಯೆರೂಸಲೇಮಿನ ದೇವಾಲಯದಲ್ಲಿ ಬೊಕ್ಕಸದ ಎದುರು ಕೂತು ಜನ ಹಣ ಹಾಕುವುದನ್ನು ನೋಡುತ್ತಾನೆ. ಅಲ್ಲಿ ಹದಿಮೂರು ಪೆಟ್ಟಿಗೆಗಳಿದ್ದವು, ಕಹಳೆಯ ಆಕಾರದವು ಎಂದು ಯೆಹೂದ್ಯರ ಮಿಶ್ನಾ ಗ್ರಂಥ ಹೇಳುತ್ತದೆ. ಬೆಳ್ಳಿ ನಾಣ್ಯ ಸುರಿದವರ ಸದ್ದು ಅಂಗಳಕ್ಕೆಲ್ಲ ಕೇಳಿಸಿರಬೇಕು. ಒಬ್ಬ ಬಡ ವಿಧವೆ ಹಾಕಿದ್ದು ಎರಡು ಲೆಪ್ಟಾ, ಆ ಕಾಲದ ಅತಿ ಚಿಕ್ಕ ತಾಮ್ರದ ಕಾಸು. ಒಬ್ಬ ಕೂಲಿಯಾಳಿನ ದಿನದ ಸಂಬಳ ಒಂದು ದೆನಾರಿ. ಆ ಎರಡು ಕಾಸು ಸೇರಿದರೆ ಅದರ ಅರವತ್ತನಾಲ್ಕನೆಯ ಒಂದು ಪಾಲು. ಇವತ್ತಿನ ಕೂಲಿ 640 ರೂಪಾಯಿ ಎಂದು ಹಿಡಿಯಿರಿ. ಆಕೆ ಹಾಕಿದ್ದು ಹತ್ತು ರೂಪಾಯಿ. ಮನೆಯಲ್ಲಿ ಉಳಿದದ್ದು ಸೊನ್ನೆ. ಯೇಸು ಲೆಕ್ಕ ಹಾಕಿದ್ದು ಆ ಸೊನ್ನೆಯಿಂದ.

ಈ ಕಥೆಯ ಮೇಲೆ ನಾನು ಕೇಳಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಹೆಚ್ಚಿನವು ಕಟ್ಟಡ ನಿಧಿಯ ವರ್ಷದಲ್ಲಿ ಬಂದಂಥವು. ಕಥೆಯ ಹಿಂದಿನ ವಾಕ್ಯವನ್ನು ಓದಿದವರು ಕಡಿಮೆ. ಅಲ್ಲಿ ಯೇಸು ಉದ್ದುದ್ದ ಪ್ರಾರ್ಥನೆ ಮಾಡುತ್ತಲೇ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಬೈದಿದ್ದಾನೆ. ಆ ಬೈಗುಳ ಆರುವ ಮೊದಲೇ ಒಬ್ಬ ವಿಧವೆ ತನ್ನ ಕೊನೆಯ ಕಾಸು ಹಿಡಿದು ಬರುತ್ತಾಳೆ. ಮುಂದಿನ ಅಧ್ಯಾಯ ತೆರೆಯುವುದೇ ಆ ದೇವಾಲಯದ ಕಲ್ಲಿನ ಮೇಲೆ ಕಲ್ಲು ಉಳಿಯದೆಂಬ ಮಾತಿನಿಂದ. ಕ್ರಿ.ಶ. 70ರಲ್ಲಿ ರೋಮನರು ಅದನ್ನು ಸುಟ್ಟು ಕೆಡವಿದರು. ಆಕೆಯ ಭಕ್ತಿ ದೊಡ್ಡದು, ಸರಿ. ಆಕೆಯ ಕೊನೆಯ ಕಾಸನ್ನೂ ಇಳಿಸಿಕೊಂಡ ವ್ಯವಸ್ಥೆಯನ್ನು ಯೇಸು ಹೊಗಳಲಿಲ್ಲ. ಶಾಸನದ ಶಾಪವನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಬಡವರು ಕೊಡುವುದೇ ಬೇಡವೇ? ದೊಡ್ಡ ಕೊಡುಗೆ ಬರೀ ಆಡಂಬರವೇ? ಮಾರ್ಕ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. 14ನೆಯ ಅಧ್ಯಾಯದಲ್ಲಿ, ಬೇಥಾನ್ಯದಲ್ಲಿ ಊಟಕ್ಕೆ ಕೂತ ಯೇಸುವಿನ ಬಳಿಗೆ ಇನ್ನೊಬ್ಬ ಹೆಂಗಸು ಬರುತ್ತಾಳೆ. ಮಾರ್ಕ ಇವಳ ಹೆಸರನ್ನೂ ಹೇಳುವುದಿಲ್ಲ. ಭರಣಿಯನ್ನು ಒಡೆದು ಸುಗಂಧ ತೈಲವನ್ನು ಆತನ ತಲೆಯ ಮೇಲೆ ಹೊಯ್ಯುತ್ತಾಳೆ. ಆ ತೈಲ ನಮ್ಮ ಜಟಾಮಾಂಸಿಯದು. ಹಿಮಾಲಯದ ಎತ್ತರದಲ್ಲಿ ಬೆಳೆಯುವ ಆ ಗಿಡದ ಬೇರಿಗೆ ಅಷ್ಟು ದೂರದಲ್ಲೂ ಗಿರಾಕಿಗಳಿದ್ದರು. ಬೆಲೆ ಮುನ್ನೂರು ದೆನಾರಿಗೂ ಮೇಲೆ, ಹತ್ತಿರ ಹತ್ತಿರ ಒಂದು ವರ್ಷದ ಕೂಲಿ. ಅಲ್ಲಿದ್ದವರು ಸಿಡಿಮಿಡಿಗೊಂಡರು: ಮಾರಿ ಬಡವರಿಗೆ ಹಂಚಬಹುದಿತ್ತಲ್ಲ! ಕೇಳಲು ನ್ಯಾಯವಾಗಿಯೇ ಇದೆ. ಯೋಹಾನನ ಸುವಾರ್ತೆಯಲ್ಲಿ ಈ ಮಾತನ್ನು ಆಡುವವನು ಯೇಸುವಿನ ಶಿಷ್ಯ ಯೂದ. ಹಣದ ಚೀಲ ಅವನ ಕೈಯಲ್ಲಿತ್ತು, ಅದರಿಂದ ಕದಿಯುತ್ತಿದ್ದ ಎಂದೂ ಯೋಹಾನ ಬರೆಯುತ್ತಾನೆ.

ಒಬ್ಬಳದು ಅತಿ ಕಡಿಮೆ, ಇನ್ನೊಬ್ಬಳದು ಅತಿ ಹೆಚ್ಚು. ಇಬ್ಬರೂ ವಾಪಸು ಒಯ್ಯಲು ಏನನ್ನೂ ಉಳಿಸಿಕೊಳ್ಳಲಿಲ್ಲ. ಒಡೆದ ಭರಣಿಗೆ ಮುಚ್ಚಳ ಹಾಕಲಾಗುವುದಿಲ್ಲ. ಮನಸಾರೆ ಆರಾಧನೆ ಎಂದರೆ ನನಗೆ ಅರ್ಥವಾಗುವುದು ಇಷ್ಟೇ.

ಇದು ಒಂದು ದಿನದ ಆವೇಶವೂ ಆಗಬೇಕಿಲ್ಲ. ಮಿಜೋರಾಂನಲ್ಲಿ 1910ರಿಂದ ನಡೆದು ಬಂದ ಒಂದು ಪದ್ಧತಿಯಿದೆ, ಬುಹ್‌ಫಾಯ್ ಥಾಮ್, ಹಿಡಿ ಅಕ್ಕಿ. ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ದೇವರಿಗೆಂದು ಬೇರೆ ಪಾತ್ರೆಗೆ ಹಾಕುತ್ತಾರೆ. ಸಭೆಯವರು ಮನೆಮನೆಯಿಂದ ಸೇರಿಸಿ ಮಾರುತ್ತಾರೆ. ಸೇವಕರನ್ನು ಹೊರರಾಜ್ಯಗಳಿಗೆ ಕಳಿಸುವಷ್ಟು ಬಲ ಆ ಸಭೆಗಳಿಗೆ ಬಂದದ್ದರಲ್ಲಿ ಈ ಹಿಡಿಯ ಪಾಲು ದೊಡ್ಡದು. ಅಲ್ಲಿ ಆರಾಧನೆ ಒಲೆಯ ಪಕ್ಕದಲ್ಲೇ ಶುರುವಾಗುತ್ತದೆ.

ನಮ್ಮ ಕರಾವಳಿಯ ಸಭೆಗಳಲ್ಲಿ ಇದಕ್ಕೆ ಹತ್ತಿರವಾದದ್ದು ಬೆಳೆ ಹಬ್ಬ. ನಾನು ಹುಡುಗನಾಗಿದ್ದಾಗ ನೋಡಿದ ಒಂದು ಹಬ್ಬ ಹೇಳುತ್ತೇನೆ. ಸಭೆಯ ಹೆಸರು ಬೇಡ. ಬಾಳೆಗೊನೆ, ಕುಂಬಳಕಾಯಿ, ಕಾಲು ಕಟ್ಟಿದ ಹುಂಜ, ಎಲ್ಲ ಏಲಂ ಆಗುತ್ತಿದ್ದವು. ಒಬ್ಬ ಅಜ್ಜಿ ಸೆರಗಿನಲ್ಲಿ ಸುತ್ತಿ ಒಂದು ಮೊಟ್ಟೆ ತಂದಿದ್ದಳು. ಸವಾಲು ಏರಿತು. ಕೊಂಡವರು ಮತ್ತೆ ಸಭೆಗೇ ಕೊಟ್ಟರು, ಮತ್ತೆ ಕೂಗಿದರು. ಕೊನೆಗೆ ಆ ಮೊಟ್ಟೆ ಹುಂಜಕ್ಕಿಂತ ಹೆಚ್ಚಿಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಚ್ಚು ಕೂಗಿದವರ ಹೆಸರು ಮೈಕಿನಲ್ಲಿ ಬಂತು. ಅಜ್ಜಿಯ ಹೆಸರು ಬರಲಿಲ್ಲ. ಅವಳಿಗೆ ಅದು ಬೇಕೂ ಇರಲಿಲ್ಲ. ಅವಳು ಆಮೇಲೆ ನನ್ನ ತಾಯಿಯ ಹತ್ತಿರ ಕೇಳಿದ್ದು ಬೇರೆ: ಆ ದುಡ್ಡಿನಲ್ಲಿ ಏನು ಮಾಡಿದರು? ತಾಯಿಗೆ ಗೊತ್ತಿರಲಿಲ್ಲ.

ಅಪೊಸ್ತಲ ಪೌಲನಿಗೆ ಗೊತ್ತಿತ್ತು, ಇಂಥ ಪ್ರಶ್ನೆ ಬರುತ್ತದೆಂದು. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ ಆತ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಎರಡು ಪೂರ್ತಿ ಅಧ್ಯಾಯ ಇದಕ್ಕೇ ಮೀಸಲು. ಕಡುಬಡತನದಲ್ಲೂ ಕೈಬಿಚ್ಚಿ ಕೊಟ್ಟ ಮಕೆದೋನ್ಯದವರನ್ನು ಹೊಗಳುತ್ತಾನೆ. ಅದೇ ಉಸಿರಿನಲ್ಲಿ, ಹಣದ ವಿಷಯದಲ್ಲಿ ಯಾರೂ ತಪ್ಪು ಹುಡುಕಬಾರದೆಂದು ತನ್ನ ಸಂಗಡಿಗ ತೀತನ ಜೊತೆಗೆ ಇನ್ನೂ ಇಬ್ಬರನ್ನು ಕಳಿಸುತ್ತಿದ್ದೇನೆ ಎನ್ನುತ್ತಾನೆ. ಅಪೊಸ್ತಲನೇ ಒಂಟಿಯಾಗಿ ಹಣ ಮುಟ್ಟಲಿಲ್ಲ.

ಇಲ್ಲಿ ಸಭಾಪಾಲಕರೂ ಖಜಾಂಚಿಗಳೂ ಕೂತಿದ್ದೀರಿ. ಈ ವರ್ಷದ ಬೆಳೆ ಹಬ್ಬದ ಜಮಾ ಖರ್ಚನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಬರೆಸಿ, ಸಭೆಯ ಬಾಗಿಲಿಗೆ ಅಂಟಿಸಿ. ತೀರಾ ಎತ್ತರಕ್ಕೆ ಬೇಡ. ಆ ಅಜ್ಜಿ ಗಿಡ್ಡಗಿದ್ದಳು, ಓದಲು ಬರುತ್ತಿತ್ತು.