ಜಲ್ಲಿ ಒಡೆದವರು ನಾವು, ಲೆಕ್ಕ ಬರೆದವರು ಯಾರು?

(ಶಿರ್ತಾಡಿಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)

ಗೆಳೆಯರೆ,

ಈ ಶಿರ್ತಾಡಿ, ಮೂಡುಬಿದಿರೆ ಕಡೆ ಎಲ್ಲಿ ನೋಡಿದ್ರೂ ಈಗ ಇಂಟರ್‌ಲಾಕ್ ಕಲ್ಲು. ಶಾಲೆಯ ಅಂಗಳ, ಅಂಗಡಿಯ ಮುಂದು, ಉಳ್ಳವರ ಮನೆಯಂಗಳ. ಜಲ್ಲಿ, ಜಲ್ಲಿಪುಡಿ, ಸಿಮೆಂಟು ಕಲಸಿ, ಅಚ್ಚಿಗೆ ಹಾಕಿ ಅದುಮಿ, ನೀರುಣಿಸಿ ಮಾಡೋ ಕಲ್ಲು ಇದು. ಈ ಕಲ್ಲು ಮಾಡೋ ಕಂಪೆನಿಗಳು, ಜಲ್ಲಿ ಕೊಡೋ ಕ್ರಷರ್‌ಗಳು ಊರು ಕಟ್ಟುತ್ತಿವೆ ಅಂತಾರೆ. ಇರಲಿ. ರಸ್ತೆ ಬೇಡ ಅನ್ನೋರು ನಾವಲ್ಲ. ಮಳೆಗಾಲದ ಕೆಸರಿನಲ್ಲಿ ರೋಗಿಯನ್ನು ಹೊತ್ತು ನಡೆದ ಜನಕ್ಕೆ ರಸ್ತೆಯ ಬೆಲೆ ಗೊತ್ತು.

ರಸ್ತೆಗಾಗಿ ನಮ್ಮವರು ಪೆಟ್ಟು ತಿಂದಿದ್ದಾರೆ. 1893ರಲ್ಲಿ ತಿರುವಾಂಕೂರಿನಲ್ಲಿ ಅಯ್ಯನ್‌ಕಾಳಿ ಎತ್ತಿನ ಗಾಡಿ ಏರಿ, ನಮಗೆ ನಿಷೇಧವಿದ್ದ ರಸ್ತೆಗಿಳಿದರು. 1924ರ ವೈಕಂ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಸುತ್ತಲ ರಸ್ತೇಲಿ ನಡೆಯುವ ಹಕ್ಕಿಗೆ. ನಮ್ಮ ಮಂಗಳೂರಿನ ಕುದ್ಮುಲ್ ರಂಗರಾಯರ ಆಸೆ ನಿಮಗೆಲ್ಲ ಗೊತ್ತು. ದಲಿತರ ಮಕ್ಕಳು ಓದಿ, ಹುದ್ದೆ ಹಿಡಿದು, ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಲಿ ಎಂದರು.

ಆದರೆ ಕ್ರಷರಿನ ಬಾಯಲ್ಲಿ ನಿಂತವರು ಕುಡಿಯೋ ಧೂಳೇ ಬೇರೆ. ಕಗ್ಗಲ್ಲಿನ ಪುಡಿಯಲ್ಲಿ ಸಿಲಿಕಾ ಇದೆ. ಕಣ್ಣಿಗೆ ಕಾಣದ ಆ ಪುಡಿ ವರ್ಷಗಟ್ಟಲೆ ಶ್ವಾಸಕೋಶಕ್ಕಿಳಿದರೆ ಸಿಲಿಕೋಸಿಸ್ ಬರುತ್ತೆ. ಬಂದಮೇಲೆ ವಾಸಿ ಮಾಡೋ ಮದ್ದಿಲ್ಲ. ಬಾರದಂತೆ ತಡೆಯಬಹುದು: ನೀರು ಸಿಂಪಡಿಸಬೇಕು, ಯಂತ್ರಕ್ಕೆ ಮುಚ್ಚಿಗೆ ಹಾಕಬೇಕು, ಸರಿಯಾದ ಮುಖಗವಸು ಕೊಡಬೇಕು. ಮೂಗಿಗೆ ಕಟ್ಟಿದ ಬೈರಾಸು ಸಾಲದು.

ಇನ್ನು ದುಡ್ಡಿನ ಮಾತು. ನಮ್ಮ ಜನಸಂಖ್ಯೆಗೆ ತಕ್ಕಷ್ಟು ಹಣ ನಮಗಾಗಿಯೇ ಖರ್ಚಾಗಬೇಕು ಅಂತ 2013ರಲ್ಲಿ ಕರ್ನಾಟಕದಲ್ಲಿ ಕಾಯ್ದೆ ಬಂತು. ಅದರೊಳಗೇ 7ಡಿ ಅನ್ನೋ ಒಂದು ಕಿಂಡಿ ಇಟ್ಟರು. ಊರಿಗೆಲ್ಲ ಸೇರಿದ ರಸ್ತೆ, ಸೇತುವೆಯಂಥ ಕಾಮಗಾರಿಯಲ್ಲಿ ಒಂದು ಪಾಲನ್ನು ನಮಗೇ ಖರ್ಚಾಯಿತು ಅಂತ ಬರೆದುಕೊಳ್ಳಬಹುದಿತ್ತು. ನಮ್ಮ ಕಾಲನಿಗೆ ರಸ್ತೆ ಬರದಿದ್ದರೂ ಲೆಕ್ಕದಲ್ಲಿ ನಮಗೆ ರಸ್ತೆ! ಹೋರಾಟದ ಒತ್ತಾಯದಿಂದ 2023ರಲ್ಲಿ 7ಡಿ ತೆಗೆದುಹಾಕಿದರು. ಕಿಂಡಿ ಮುಚ್ಚಿತು ಅಂತ ನಾವು ಮಲಗುವ ಹಾಗಿಲ್ಲ.

ಗುತ್ತಿಗೆಯಲ್ಲೂ ನಮಗೆ ಪಾಲುಂಟು. 50 ಲಕ್ಷ ರೂಪಾಯಿವರೆಗಿನ ಸರಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಮೀಸಲು ಅಂತ ಕಾನೂನಾಯಿತು. 2023ರಲ್ಲಿ ಆ ಮಿತಿಯನ್ನು 1 ಕೋಟಿಗೆ ಏರಿಸಿದರು. ಆದರೆ ಜಲ್ಲಿ ಹೊತ್ತ ಕೈಗೆ ಟೆಂಡರ್ ಕಾಗದ ಸಿಕ್ಕರೆ ಸಾಕೆ? ಠೇವಣಿಗೆ ಹಣ ಬೇಕು, ಯಂತ್ರ ಬೇಕು, ಸಾಲದಲ್ಲಿ ಕಲ್ಲು ಕೊಡೋರು ಬೇಕು. ಅದಿಲ್ಲದಿದ್ದರೆ ಹೆಸರು ನಮ್ಮದು, ಗಂಟು ಬೇರೆಯವರದ್ದು.

ಗೆಳೆಯರೆ, ಓದಿದ ನಮ್ಮ ಕೆಲಸ ಇಲ್ಲಿದೆ. ಗ್ರಾಮಸಭೆಗೆ ಹೋಗೋಣ. ಯಾವ ಕಾಲನಿಗೆ ಎಷ್ಟು ಹಣ, ಕಲ್ಲು ಎಷ್ಟು ದಪ್ಪ, ಗುತ್ತಿಗೆ ಯಾರಿಗೆ, ಕೂಲಿ ಎಷ್ಟು ಅಂತ ಕೇಳೋಣ. ಉತ್ತರ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕವಿತೆ ಬರೆಯೋ ಕೈ ಅರ್ಜಿಯನ್ನೂ ಬರೀಲಿ. ಕ್ರಷರಿಗೆ ಹೋಗೋ ಅಣ್ಣ, ಅಕ್ಕಂದಿರ ಜೊತೆ ಕೂತು ಅವರ ಕೆಮ್ಮಿನ ಲೆಕ್ಕವನ್ನೂ ಬರೆಯೋಣ. ಆ ಲೆಕ್ಕ ಯಾವ ಕಂಪೆನಿಯ ಪುಸ್ತಕದಲ್ಲೂ ಸಿಗೋದಿಲ್ಲ.

ಜೈ ಭೀಮ್.