ಎದೆಯಿಂದ ಮುಖದಷ್ಟು ದೂರ

ಬೆಂಗಳೂರಿನ ಶಿವಾಜಿನಗರದ ಘೋಷಾ ಆಸ್ಪತ್ರೆ ಹಾಜಿ ಸರ್ ಇಸ್ಮಾಯಿಲ್ ಸೇಟರು ಕಟ್ಟಿಸಿಕೊಟ್ಟದ್ದು. ಘೋಷಾ ಎಂದರೆ ಪರದೆ. ಅಂಥ ಆಸ್ಪತ್ರೆಗಳ ಹೆರಿಗೆ ವಾರ್ಡುಗಳಲ್ಲಿ ಇಪ್ಪತ್ತರ ಬಾಣಂತಿಯ ಪಕ್ಕದ ಮಂಚದಲ್ಲೇ ನಲವತ್ತರ ಬಾಣಂತಿಯೂ ಇರುತ್ತಾಳೆ. ಚಿಕ್ಕವಳಿಗೆ ಕೂಸನ್ನು ಎತ್ತಿಕೊಳ್ಳಲೇ ಭಯ, ಕತ್ತು ಎಲ್ಲಿ ಉಳುಕೀತೋ ಎಂದು. ಎಷ್ಟೋ ವರ್ಷ ಕಾದು ಹೆತ್ತ ದೊಡ್ಡವಳು, ಮಲಗಿದ ಮಗುವಿನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಾಳೆ. ಈ ಹೆದರಿಕೆಯೂ ಪ್ರೀತಿಯೇ ಎಂದು ನನಗನ್ನಿಸುತ್ತದೆ.

ಕೂಸಿಗೆ ಅಮ್ಮನ ವಯಸ್ಸು ಗೊತ್ತಿಲ್ಲ. ಹುಟ್ಟಿದ ಹೊಸದರಲ್ಲಿ ಅದಕ್ಕೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ, ಹೆಚ್ಚುಕಡಿಮೆ ಎದೆಯಿಂದ ತಾಯಿಯ ಮುಖದಷ್ಟು. ದನಿಯಂತೂ ಹೊಟ್ಟೆಯೊಳಗಿಂದಲೇ ಪರಿಚಯ. ಈ ಸಾಮೀಪ್ಯವನ್ನೇ ನೆಚ್ಚಿ, ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಿಯ ಬರಿಮೈಗೆ ಒತ್ತಿ ಕಟ್ಟುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು.

ಹಾಲು ಕುಡಿಯುತ್ತ ಕೂಸು ಅಮ್ಮನ ಕಿರುಬೆರಳು ಹಿಡಿಯುತ್ತದೆ. ಚಿಕ್ಕವಳ ಕೈ ನಡುಗುವುದು ಆಗ ನಿಲ್ಲುತ್ತದೆ.