ಕಾರ್ಟೂನಿಗೆ ಮುಂಚೆ ಕಚ್ಚಾ ಗೀಚು



ಮೂರು ನಿಮಿಷದ ಕಾರ್ಟೂನ್ ಚಿತ್ರವೊಂದಕ್ಕೆ ಎಷ್ಟು ಚಿತ್ರ ಬರೆಯಬೇಕಾದೀತು? ಸೆಕೆಂಡಿಗೆ 24 ಫ್ರೇಮಿನಂತೆ 4,320 ಫ್ರೇಮು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸಿದರೂ 2,160 ಚಿತ್ರ ಬೇಕು. ಇಷ್ಟೂ ಬರೆದಾದ ಮೇಲೆ ಕಥೆ ನಡುವೆ ಎಲ್ಲೋ ಕುಂಟುತ್ತದೆ ಎಂದು ತಿಳಿದರೆ ಏನು ಗತಿ? ಅದಕ್ಕಾಗಿಯೇ ಮೊದಲು ಇಡೀ ಕಥೆಯನ್ನು ಪುಟ್ಟ ಪುಟ್ಟ ಚೌಕಗಳಲ್ಲಿ ಗೀಚಿ ನೋಡುತ್ತಾರೆ. ಇದೇ ಸ್ಟೋರಿಬೋರ್ಡ್. 1930ರ ದಶಕದ ಆರಂಭದಲ್ಲಿ ವಾಲ್ಟ್ ಡಿಸ್ನಿಯವರ ಸ್ಟುಡಿಯೋದಲ್ಲಿ ಗೀಚಿದ ಹಾಳೆಗಳನ್ನು ಹಲಗೆಗೆ ಪಿನ್ನು ಚುಚ್ಚಿ ಸಾಲಾಗಿ ನಿಲ್ಲಿಸುತ್ತಿದ್ದರು. ಬೇಡವಾದ ಹಾಳೆಯನ್ನು ಕಿತ್ತರಾಯಿತು.

ಈಗ ಆ ಹಲಗೆ ಕಂಪ್ಯೂಟರಿನೊಳಗೆ ಬಂದಿದೆ. ಸ್ಟೋರಿಬೋರ್ಡರ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಚಿತ್ರ ಬರೆಯುವ ಕ್ರಿತಾ ಕೂಡ ಪುಕ್ಕಟೆ. 2021ರ ಡಿಸೆಂಬರಿನಲ್ಲಿ ಬಂದ ಅದರ 5.0 ಆವೃತ್ತಿಯಿಂದ ಸ್ಟೋರಿಬೋರ್ಡಿಗೆಂದೇ ಒಂದು ಫಲಕವಿದೆ. ಪ್ರತಿ ಚೌಕದ ಪಕ್ಕ ಅದು ಎಷ್ಟು ಹೊತ್ತು ನಿಲ್ಲಬೇಕು, ಯಾರು ಏನು ಮಾತಾಡುತ್ತಾರೆ ಎಂದು ಬರೆದಿಡಬಹುದು.

ಕಾಸರಗೋಡಿನ ನಮ್ಮ ಕನ್ನಡ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಪುಣ್ಯಕೋಟಿಯ ಕಥೆಯನ್ನು ಮಾಡಹೊರಟೆ. ತಪ್ಪಿದ್ದು ಮೊದಲ ಹೆಜ್ಜೆಯಲ್ಲೇ. ಬಣ್ಣದ ಕುಂಚಗಳು ಅಷ್ಟೊಂದು ಇವೆಯಲ್ಲ, ಆಸೆ ತಡೆಯಲಿಲ್ಲ! ನಲವತ್ತು ಚೌಕಗಳಿಗೆ ಕಾಡು, ಹುಲ್ಲು, ಹುಲಿಯ ಪಟ್ಟೆ ಎಲ್ಲ ಬರೆದು ಬಣ್ಣ ತುಂಬಿದೆ. ಓಡಿಸಿ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಹುಲಿ ಎರಡು ಉಂಟಾ ಮಾಸ್ಟ್ರೇ?” ಎಂದಳು. ಒಂದು ಚೌಕದಲ್ಲಿ ಹುಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ! ಬಣ್ಣ ಹಾಕಿದ್ದರಿಂದ ಅಳಿಸಲು ಮನಸ್ಸು ಬಾರದೆ ಒಂದು ವಾರ ತೇಪೆ ಹಚ್ಚಿದೆ. ಕೊನೆಗೆ ಎಲ್ಲವನ್ನೂ ಬಿಟ್ಟೆ.

ಆದ್ದರಿಂದ ನೀವು ಒಂದೇ ಪೆನ್ಸಿಲ್ ಕುಂಚ ಇಟ್ಟುಕೊಳ್ಳಿ, ಒಂದು ಚೌಕಕ್ಕೆ ಎರಡು ನಿಮಿಷ ಸಾಕು. ಹಸು ಬಲಕ್ಕೆ, ಹುಲಿ ಎಡಕ್ಕೆ ಎಂದು ನಿಶ್ಚಯಿಸಿದರೆ ಆ ದೃಶ್ಯ ಮುಗಿಯುವವರೆಗೆ ಅದನ್ನು ಕದಲಿಸಬೇಡಿ. ಗುಡ್ಡ, ಗುಹೆಗಳನ್ನು ಬೇರೆ ಪದರದಲ್ಲಿ ಬರೆದರೆ ಮುಂದಿನ ಚೌಕಕ್ಕೆ ಹಾಗೇ ನಕಲು ಮಾಡಬಹುದು. ಯಾರು ಎತ್ತ ನಡೆಯುತ್ತಾರೆ ಎಂಬುದಕ್ಕೆ ಬಾಣದ ಗುರುತು ಹಾಕಿ.

ಮಾತನ್ನು ಯೂನಿಕೋಡಿನಲ್ಲೇ ಬೆರಳಚ್ಚು ಮಾಡಿ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿದ್ದುದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲು ಕಾಣುತ್ತದೆ.

ಇನ್ನು ಹೊತ್ತಿನ ಲೆಕ್ಕ. ಇದನ್ನು ಅಂದಾಜಿಗೆ ಬಿಡಬಾರದು. ಮಾತನ್ನು ಗಟ್ಟಿಯಾಗಿ ಓದಿಸಿ, ಗಡಿಯಾರ ಹಿಡಿದು ಅಳೆದು, ಚೌಕದ ಪಕ್ಕ ಅಷ್ಟೇ ಸೆಕೆಂಡು ಹಾಕಿ. ಮಕ್ಕಳ ದನಿಯನ್ನು ಮೊಬೈಲಿನಲ್ಲಿ ಮುದ್ರಿಸಿ ಚಿತ್ರದ ಜೊತೆ ಓಡಿಸಿ ನೋಡಿದರೆ ಕುಂಟುವ ಜಾಗ ತಾನೇ ತೋರುತ್ತದೆ. ಎರಡನೆಯ ಸಲ ನಾವು ಹಾಗೇ ಮಾಡಿದೆವು. ಕೊಟ್ಟ ಮಾತಿನಂತೆ ಹಸು ತಿರುಗಿ ಬಂದು ನಿಲ್ಲುವ ಚೌಕಕ್ಕೆ ಮಾತಿಲ್ಲವೆಂದು ನಾನು ಒಂದೇ ಸೆಕೆಂಡು ಕೊಟ್ಟಿದ್ದೆ. ಅದೇ ಹುಡುಗಿ, “ಹುಲಿಗೆ ಯೋಚಿಸಲಿಕ್ಕೆ ಸಮಯ ಬೇಡವಾ?” ಎಂದಳು. ಈಗ ಅಲ್ಲಿ ಐದು ಸೆಕೆಂಡಿದೆ.